ಇಂದಿನ ಧಮ್ಮಚಿಂತನೆ: ಕನಸಿನೊಳಗೂ ಎಚ್ಚರ



ಧಮ್ಮಬಂಧುಗಳೇ, ಹೋದ ಭಾನುವಾರ ಕ್ಯಾಸಂಬಳ್ಳಿಯ ನಮ್ಮ ಅಧ್ಯಯನ ಕೂಟದಲ್ಲಿ ಮಲಗುವ ಮುಂಚಿನ ಧ್ಯಾನದ ಮಾತು ಬಂತು. ಅಕ್ಕ ಒಬ್ಬರು ನೇರವಾಗಿ ಕೇಳಿದರು: "ಕನಸಲ್ಲಿ ಎಚ್ಚರವಾಗಿರೋದು ಅಂದ್ರೆ ಏನಣ್ಣ? ಇದೂ ಮಾಯ-ಮಂತ್ರ ಅಲ್ವಾ? 22 ಪ್ರತಿಜ್ಞೆ ತಗೊಂಡ ಮೇಲೆ ಇದೆಲ್ಲ ನಮಗ್ಯಾಕೆ?" ನ್ಯಾಯವಾದ ಪ್ರಶ್ನೆ. ಅಂದು ಹೊತ್ತಾಗಿತ್ತು, ಸರಿಯಾಗಿ ಉತ್ತರ ಹೇಳಲಿಲ್ಲ.

ನನಗೆ ಚಿಕ್ಕಂದಿನಿಂದ ಬೀಳುವ ಕನಸೊಂದಿದೆ. ಹೋಟೆಲಿನ ಹೊರಗೆ ಬಗ್ಗಿ ಬೊಗಸೆ ಒಡ್ಡಿದ್ದೇನೆ. ಯಾರೋ ಚೊಂಬು ಎತ್ತಿ ಮೇಲಿನಿಂದ ನೀರು ಹುಯ್ಯುತ್ತಿದ್ದಾರೆ. ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿ ನಿಂತಿದ್ದಾರೆ. ಇದು ನಡೆದದ್ದೇ, ಆಗ ನನಗೆ ಏಳು ವರ್ಷ. ಈಗ ಸ್ವಂತ ಮನೆ, ಸ್ವಂತ ನಲ್ಲಿ ಇದೆ. ಆದರೂ ಆ ಕನಸು ಬಿದ್ದ ದಿನ ಬೆಳಗ್ಗೆ ಹೆಂಡತಿ ಮಕ್ಕಳ ಮೇಲೆ ಸಿಡುಕುತ್ತಿದ್ದೆ. ಕೆಜಿಎಫ್ ಗಣಿಯಲ್ಲಿ ದುಡಿದ ನಮ್ಮ ಮಾವನವರದೂ ಇದೇ ಕಥೆ. ಗಣಿ 2001ರಲ್ಲಿ ಮುಚ್ಚಿತು, ಅವರ ನಿದ್ದೆಯಲ್ಲಿ ಬಂಡೆ ಸಿಡಿಯುವುದು ಮಾತ್ರ ನಿಲ್ಲಲಿಲ್ಲ.

ಸ್ಮೃತಿ ತಪ್ಪಿ ನಿದ್ದೆಗೆ ಜಾರುವವನಿಗೆ ಆಗುವ ಐದು ಕೇಡುಗಳನ್ನು ಭಗವಾನ್ ಬುದ್ಧರು ವಿನಯ ಪಿಟಕದ ಮಹಾವಗ್ಗದಲ್ಲಿ ಹೇಳಿದ್ದಾರೆ. ನಿದ್ದೆ ಕೆಡುವುದು, ಕೆಟ್ಟ ಕನಸು ಬೀಳುವುದು ಅದರಲ್ಲಿವೆ. (ದೇವತೆಗಳು ಕಾಯುವುದಿಲ್ಲ ಎಂಬುದೂ ಒಂದು. ಅದನ್ನು ನಾನು ಬಿಟ್ಟಿದ್ದೇನೆ. ಬುದ್ಧಿಗೆ ಒಪ್ಪಿದ್ದನ್ನು ತೆಗೆದುಕೊಳ್ಳಲು ಬಾಬಾಸಾಹೇಬರು ನಮಗೆ ಕಲಿಸಿದ್ದಾರೆ.) ಸತಿಪಟ್ಠಾನ ಸುತ್ತದಲ್ಲಿ ನಡೆಯುವಾಗ, ಉಣ್ಣುವಾಗ ಇರಬೇಕಾದ ಅರಿವಿನ ಸಾಲಿನಲ್ಲೇ ಮಲಗುವುದೂ ಬರುತ್ತದೆ. ಕನಸಿನ ಒಳಗೇ ಅರಿವು ಇಟ್ಟುಕೊಳ್ಳುವ ಸಾಧನೆಯನ್ನು ಬೆಳೆಸಿದವರು ಟಿಬೆಟಿನ ಬೌದ್ಧರು. ಅವರ ವಿಹಾರಗಳು ನಮ್ಮ ಬೈಲುಕುಪ್ಪೆಯಲ್ಲೂ ಇವೆ. ವಿಜ್ಞಾನವೂ ಇದನ್ನು ಒಪ್ಪಿದೆ: ಅಮೆರಿಕದ ಸ್ಟೀಫನ್ ಲಾಬರ್ಜ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿದ್ದೆಯಲ್ಲಿದ್ದವರು ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆ ಆಡಿಸಿ, ತಾವು ಕಾಣುತ್ತಿರುವುದು ಕನಸೆಂದು ಗೊತ್ತಾಗಿದೆ ಎಂಬ ಸಂಜ್ಞೆ ಕೊಟ್ಟರು. ಯಂತ್ರದಲ್ಲಿ ಅದು ದಾಖಲಾಯಿತು.

ನಾನು ಮಾಡುವುದು ಇಷ್ಟೇ. ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುತ್ತೇನೆ. ಬುದ್ಧರು ಮಲಗುತ್ತಿದ್ದಂತೆ ಬಲ ಮಗ್ಗುಲಿಗೆ ಮಲಗುತ್ತೇನೆ. ಉಸಿರು ನೋಡುತ್ತಾ, ಮೊದಲು ನನಗೆ, ಆಮೇಲೆ ಮನೆಯವರಿಗೆ, ಆಮೇಲೆ ಆಗದವರಿಗೂ ಮೆತ್ತಾ. ಕೊನೆಗೆ ಒಂದೇ ಸಂಕಲ್ಪ: ಕನಸು ಬಿದ್ದರೆ ಕನಸೆಂದು ತಿಳಿಯುತ್ತೇನೆ. ಹಗಲಿನಲ್ಲೂ ಆಗಾಗ ನಿಂತು, ಈಗ ಎಚ್ಚರವಿದ್ದೇನೆಯೇ ಎಂದು ಕೇಳಿಕೊಳ್ಳುತ್ತೇನೆ. ಹಗಲು ಕೇಳದವನಿಗೆ ರಾತ್ರಿ ನೆನಪಾಗುವುದಿಲ್ಲ. ಬೆಳಗಿನ ಜಾವ ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತುವವರು ಐದೇ ನಿಮಿಷ ಮಾಡಿ, ನಿಮಗೆ ನಿದ್ದೆಯೇ ಮುಖ್ಯ.

ಆರು ತಿಂಗಳಲ್ಲಿ ಎರಡೇ ಸಲ ಫಲ ಸಿಕ್ಕಿತು. ಎರಡನೆಯ ಸಲ ಅದೇ ಹೋಟೆಲು, ಅದೇ ಬೊಗಸೆ. ಇದು ಕನಸು ಎಂದು ತಿಳಿಯಿತು. ನೀರು ಹುಯ್ಯುವವನನ್ನು ಹೊಡೆಯುತ್ತೇನೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ಕೈ ಇಳಿಸಿ ಬೆನ್ನು ನೆಟ್ಟಗೆ ಮಾಡಿದೆ. ಅಪ್ಪನ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಈಗಿನ ನನಗಿಂತ ಚಿಕ್ಕ ವಯಸ್ಸಿನವರು, ಅವರಿಗೂ ಬಾಯಾರಿತ್ತು.

ಇಲ್ಲಿ ಒಂದು ಎಚ್ಚರಿಕೆ. ಜಗತ್ತೇ ಕನಸು, ಎಲ್ಲ ಮಾಯೆ ಎನ್ನುವವರ ಮಾತಿಗೆ ಇದನ್ನು ಸೇರಿಸಬೇಡಿ. ನಮ್ಮನ್ನು ಹೊರಗೆ ನಿಲ್ಲಿಸಿದ್ದು ಮಾಯೆಯಲ್ಲ, ಅಪರಾಧ. ಸಂವಿಧಾನದ 17ನೇ ವಿಧಿ ಅದಕ್ಕೇ ಇದೆ. ಕನಸು ಯಾವುದು, ನಡೆದದ್ದು ಯಾವುದು ಎಂದು ಬೇರೆ ಮಾಡಿ ನೋಡಲು ಕಲಿತ ಮೇಲೆ ನನ್ನ ಸಿಟ್ಟು ಹೆಂಡತಿ ಮಕ್ಕಳ ಮೇಲೆ ಬೀಳುವುದು ಕಡಿಮೆಯಾಗಿದೆ. ಪೂರ್ತಿ ನಿಂತಿದೆ ಎಂದರೆ ಮನೆಯವರು ನಗುತ್ತಾರೆ.

ಅಕ್ಕ, ಈ ಭಾನುವಾರ ಬನ್ನಿ. ಒಂದು ವಾರ ಮಾಡಿ ನೋಡಿ ಬನ್ನಿ, ಸುಳ್ಳು ಅನ್ನಿಸಿದರೆ ಎಲ್ಲರ ಮುಂದೆಯೇ ಹೇಳಿ.

ಜೈ ಭೀಮ್. ನಮೋ ಬುದ್ಧಾಯ.