ಬಾನೆಟ್ಟಿನ ಮುಂದೆ ನಿಂತವರು

ರಸ್ತೆ ದಾಟುತ್ತಿದ್ದ ವೃದ್ಧೆಗೆ ಕಾರು ಡಿಕ್ಕಿ, ಸಾವು. ಜಿಲ್ಲಾ ಪುಟದ ಮೂಲೆಯಲ್ಲಿ ಇಂಥ ನಾಲ್ಕು ಸಾಲಿನ ಸುದ್ದಿ ಇಲ್ಲದ ದಿನ ಕಡಿಮೆ. ಓದಿದವರು ‘ಪಾಪ, ನೋಡಿಕೊಂಡು ದಾಟಬಾರದಿತ್ತಾ’ ಎಂದು ಮರುಗಿ ಪುಟ ಮಗುಚುತ್ತಾರೆ. 2023ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1.72 ಲಕ್ಷಕ್ಕೂ ಹೆಚ್ಚು. ಅವರಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ನಡೆದುಹೋಗುತ್ತಿದ್ದವರು; ಅಂದರೆ ಐವರಲ್ಲಿ ಒಬ್ಬರು. ಇಷ್ಟೂ ಜನ ನೋಡದೆ ದಾಟಿದರು ಎಂದು ಕೈತೊಳೆದುಕೊಳ್ಳಲು ಆಗುತ್ತದೆಯೇ?

ದಾಟುವವರದೂ ತಪ್ಪಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ತಪ್ಪಿ ಒಂದು ಹೆಜ್ಜೆ ಮುಂದಿಟ್ಟವರು ಕಾಲು ಮುರಿದುಕೊಂಡಾದರೂ ಮನೆಗೆ ಬರುತ್ತಾರೋ, ಬರುವುದೇ ಇಲ್ಲವೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಎದುರು ಬಂದ ವಾಹನದ ವೇಗ ಮತ್ತು ಅದರ ಮೂತಿಯ ಆಕಾರ.

ತಗ್ಗಾದ, ಇಳಿಜಾರು ಮೂತಿಯ ಕಾರು ಗುದ್ದಿದರೆ ಬಂಪರ್ ತಾಗುವುದು ಮೊಣಕಾಲಿನ ಆಸುಪಾಸಿಗೆ. ಕಾಲು ನೆಲ ಬಿಟ್ಟು, ಮೈ ಬಾನೆಟ್ ಮೇಲೆ ಉರುಳುತ್ತದೆ. ತಗಡಿಗೂ ಕೆಳಗಿನ ಎಂಜಿನ್ನಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟಿದ್ದರೆ ತಗಡು ಕುಸಿದು, ತಲೆಗೆ ಬೀಳುವ ಪೆಟ್ಟಿನ ಜೋರು ತಗ್ಗುತ್ತದೆ. ಎತ್ತರದ, ಗೋಡೆಯಂತೆ ನೇರ ಮೂತಿಯ ವಾಹನ ಗುದ್ದುವುದು ಸೊಂಟಕ್ಕೆ, ಎದೆಗೆ. ಆಗ ಮೈ ಮೇಲಕ್ಕೆ ಉರುಳುವುದಿಲ್ಲ, ಮುಂದಕ್ಕೆ ಬಿದ್ದು ಚಕ್ರದ ದಾರಿಗೆ ಸಿಗುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಸಾವಿರಾರು ಡಿಕ್ಕಿಗಳ ದಾಖಲೆ ತೆಗೆದು ನೋಡಿತು. ಬಾನೆಟ್ 40 ಅಂಗುಲಕ್ಕಿಂತ ಎತ್ತರವಿರುವ ವಾಹನಗಳು, 30 ಅಂಗುಲದೊಳಗಿನ ಇಳಿಜಾರು ಮೂತಿಯ ಕಾರುಗಳಿಗಿಂತ ಶೇ 45ರಷ್ಟು ಹೆಚ್ಚು ಮಾರಕ ಎಂದು ಕಂಡಿತು. 40 ಅಂಗುಲವೆಂದರೆ ಐದು ವರ್ಷದ ಮಗುವಿನ ಮುಖದ ಮಟ್ಟ.

ನಮ್ಮಲ್ಲಿ ಮಾರಾಟವಾಗುವ ಎಸ್‌ಯುವಿಗಳೆಲ್ಲ ಅಷ್ಟು ಎತ್ತರವಿಲ್ಲ. ಆದರೆ ದೇಶದಲ್ಲಿ ಈಗ ಕೊಳ್ಳುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ಈ ವರ್ಗದವು. ‘ರೋಡ್ ಪ್ರೆಸೆನ್ಸ್ ಚೆನ್ನಾಗಿದೆ’ ಎಂಬುದು ಅವುಗಳಿಗೆ ಸಿಗುವ ದೊಡ್ಡ ಹೊಗಳಿಕೆ. ಅದೂ ಸಾಲದೆಂದು ಕೆಲವರು ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಬೇರೆ ಹಾಕಿಸುತ್ತಾರೆ. ಬಂಪರ್ ಇರುವುದು ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಲಿಕ್ಕೆ. ಷಾಸಿಗೆ ಬೋಲ್ಟ್ ಹಾಕಿ ಬಿಗಿದ ಆ ಪೈಪು ಬಗ್ಗುವುದಿಲ್ಲ. ಪೆಟ್ಟನ್ನು ಇಡಿಯಾಗಿ ಎದುರಿನವರ ತೊಡೆಯೆಲುಬಿಗೆ ದಾಟಿಸುತ್ತದೆ. ಒಳಗಿನವರಿಗೂ ಅದರಿಂದ ಕೇಡೇ, ಏರ್‌ಬ್ಯಾಗ್ ಸಮಯಕ್ಕೆ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಇಂಥ ಗಾರ್ಡ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ, ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಆದರೂ ಬಿಡಿಭಾಗಗಳ ಅಂಗಡಿ ಮುಂದೆ ಹೊಳೆಯುವ ಗಾರ್ಡುಗಳು ಈಗಲೂ ನೇತಾಡುತ್ತಿವೆ.

ಇನ್ನು ಕಣ್ಣಿನ ವಿಚಾರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವವರು ಎರಡು ಸೆಕೆಂಡ್ ಮೊಬೈಲ್ ನೋಡಿದರೆ ವಾಹನ 33 ಮೀಟರ್ ಮುಂದಕ್ಕೆ ಹೋಗಿರುತ್ತದೆ. ನೂರಡಿಗೂ ಹೆಚ್ಚು ದೂರ, ನೋಡುವವರಿಲ್ಲದೆ. ಬ್ರೇಕ್ ಒತ್ತುವ ಮಾತು ಆಮೇಲಿನದು. 2019ರ ತಿದ್ದುಪಡಿಯ ನಂತರ, ಮೊಬೈಲ್ ಕೈಯಲ್ಲಿ ಹಿಡಿದು ವಾಹನ ಓಡಿಸುವುದು 184ನೇ ಕಲಮಿನಡಿ ಅಪಾಯಕಾರಿ ಚಾಲನೆ. ಜೈಲು ಶಿಕ್ಷೆಗೂ ಅವಕಾಶವಿದೆ. ಆದರೆ ಆ ಫೋನು ತಾನಾಗಿ ಹೊಡೆದುಕೊಳ್ಳುವುದಿಲ್ಲ. ‘ಎಲ್ಲಿದ್ದೀಯಾ, ಎಷ್ಟೊತ್ತು’ ಎಂದು ಆ ಕಡೆಯಿಂದ ಕೇಳುವವರು ನಾವೇ. ಊಟ ತರುವ ಹುಡುಗನಿಗೆ ಗಲ್ಲಿ ಗಲ್ಲಿಯ ಗುರುತು ಹೇಳುವವರು, ಕ್ಯಾಬ್ ತಡವಾಯಿತೆಂದು ಮೂರು ಸಲ ಕರೆ ಮಾಡುವವರು, ಮಗ ಹೆದ್ದಾರಿಯಲ್ಲಿದ್ದಾನೆಂದು ಗೊತ್ತಿದ್ದೂ ಮಾತು ಬೆಳೆಸುವವರು. ಆ ಎರಡು ಸೆಕೆಂಡುಗಳಲ್ಲಿ ನಮ್ಮದೂ ಪಾಲಿದೆ. ‘ಗಾಡಿ ಓಡಿಸ್ತಿದ್ದೀಯಾ? ನಿಲ್ಲಿಸಿದ ಮೇಲೆ ಮಾಡು’ ಎಂದು ಇಟ್ಟುಬಿಡಲು ಯಾವ ಕಾನೂನೂ ಬೇಕಿಲ್ಲ.

ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋಪಿನ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 1997ರಿಂದಲೂ, ಗುದ್ದಿಸಿಕೊಂಡ ಪಾದಚಾರಿಗೆ ಏನಾಗುತ್ತದೆ ಎಂಬುದನ್ನು ಅಳೆಯುತ್ತಾರೆ. 2023ರಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್‌ನ ನಕ್ಷತ್ರಗಳು ಮುಖ್ಯವಾಗಿ ಹೇಳುವುದು ಒಳಗೆ ಕುಳಿತ ದೊಡ್ಡವರು, ಮಕ್ಕಳ ಕಥೆಯನ್ನು. ಐದು ನಕ್ಷತ್ರದ ಕಾರು ಕೊಂಡವರು ಮನೆಮಂದಿಯನ್ನು ಕಾಪಾಡಿಕೊಂಡೆವೆಂದು ನೆಮ್ಮದಿಯಾಗಿರುತ್ತಾರೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ.

ಮುಂದಿನ ಸಲ ಷೋರೂಮಿಗೆ ಹೋದಾಗ ಮೈಲೇಜು, ಸನ್‌ರೂಫು ಎಲ್ಲ ವಿಚಾರಿಸಿದ ಮೇಲೆ ಒಂದು ಕೆಲಸ ಮಾಡಿ. ಜೊತೆಗೆ ಬಂದ ಮಗುವನ್ನು ನಿಂತ ಕಾರಿನ ಬಾನೆಟ್ ಮುಂದೆ ನಿಲ್ಲಿಸಿ, ನೀವು ಚಾಲಕನ ಸೀಟಿನಲ್ಲಿ ಕೂತು ನೋಡಿ. ಮಗುವಿನ ಮುಖ ಕಾಣದಿದ್ದರೆ, ಆ ಕಾರು ಬೇಡ ಎಂದು ಎದ್ದು ಬನ್ನಿ.