ಏಳು ಎಂದರೆ ಹೇಳು

ನಮ್ಮ ಕಡೆ ‘ಹ’ಕಾರ ಸ್ವಲ್ಪ ದುಬಾರಿ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹೇಳು ಎನ್ನುವುದು ಏಳು ಎಂದಾಗುತ್ತದೆ. ಅದರ ಮೇಲೆ ಆಂಧ್ರದ ಗಡಿ ಪಕ್ಕದಲ್ಲೇ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಗೌರಿಬಿದನೂರಿನಿಂದ ಬಸ್ಸು ಹಿಡಿದು ಬಂದು ಕುಡುಮಲಕುಂಟೆ ಸುತ್ತಿನ ಹಳ್ಳಿ ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಈ ‘ಹ’ಕಾರವೇ ಅರ್ಧ ಕೆಲಸ. ಕೆಂಪು ಮಸಿಯ ಎಷ್ಟು ರೀಫಿಲ್ಲುಗಳನ್ನು ಅದಕ್ಕೆಂದೇ ಖಾಲಿ ಮಾಡಿದ್ದೇನೋ ಲೆಕ್ಕವಿಲ್ಲ.

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತು ಬಂತು. ಮಾತನಾಡುವ ಫೋನು ಈಗ ಯಾರ ಮನೆಯಲ್ಲಿಲ್ಲ ಹೇಳಿ! ಒಬ್ಬ ಹುಡುಗಿ ನಗುತ್ತ ಎದ್ದು ತನ್ನ ಅಜ್ಜಿಯ ಕಥೆ ಹೇಳಿದಳು. ಅಜ್ಜಿ ಫೋನನ್ನು ಎರಡು ಕೈಯಲ್ಲಿ ಹಿಡಿದು, ದೇವರ ಮುಂದೆ ಕೇಳುವ ಹಾಗೆ, “ತಾಯಿ, ಇವತ್ತು ಜ್ವಾಳದ ರೇಟು ಏಟೈತೆ, ವಸಿ ಏಳು” ಎಂದಳಂತೆ. ಫೋನು ‘ಏಳು’ ಎಂಬುದನ್ನು ಏಳೆಂದೇ ತಿಳಿದು 7 ಎಂದು ಬರೆದುಕೊಂಡು, ಇನ್ನೇನೋ ಸಿನಿಮಾ ಹಾಡು ಹಾಕಿತಂತೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

“ಆಮೇಲೆ?” ಎಂದೆ.

“ನಿಂಗೆ ಸರಿಯಾಗಿ ಮಾತಾಡಕ್ಕೆ ಬರಲ್ಲ ಅಜ್ಜಿ ಅಂದೆ ಮಿಸ್. ಅವತ್ತಿಂದ ಫೋನ್ ಮುಟ್ಟಿಲ್ಲ.”

ನನ್ನ ನಗು ಅಲ್ಲಿಗೆ ನಿಂತಿತು. ಆ ವಾಕ್ಯ ಅವಳದ್ದಲ್ಲ, ನನ್ನದು. ಆ ಹುಡುಗಿಯ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಇದೇ ‘ಏಳು-ಹೇಳು’ಗಾಗಿ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಎಲ್ಲರೆದುರು ಇದನ್ನೇ ಹೇಳಿದ್ದೆ. ತಾಯಿಯಿಂದ ಮಗಳಿಗೆ, ಮಗಳಿಂದ ಅಜ್ಜಿಗೆ. ನಾನು ಬಿತ್ತಿದ್ದು ಎಲ್ಲೆಲ್ಲಿ ಮೊಳೆತಿದೆ ನೋಡಿ.

ಮಾರನೆಯ ದಿನ ನನ್ನ ಫೋನನ್ನೇ ಮೇಜಿನ ಮೇಲಿಟ್ಟು, ಒಬ್ಬೊಬ್ಬರೂ ಒಂದೇ ಪ್ರಶ್ನೆಯನ್ನು ತಮ್ಮ ಮನೆಯ ಮಾತಿನಲ್ಲೇ ಕೇಳಿ, ಅದು ಬರೆದುಕೊಂಡದ್ದನ್ನು ಬರೆಯಿರಿ ಎಂದೆ. ರೇಡಿಯೋದವರಂತೆ ಮಾತಾಡುವ ಹುಡುಗನದ್ದು ಅಕ್ಷರ ತಪ್ಪದೆ ಬಂತು. ಇಂಗ್ಲಿಷ್ ಬೆರೆಸಿದವರದ್ದೂ ಪರವಾಗಿಲ್ಲ. ತೆಲುಗು ಬೆರೆಸಿದವರದ್ದು ಮಾತ್ರ ಚಿಂದಿ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಮಿಸ್, ಮಿಷನ್ನಿಗೂ ಮೇಲುಕೀಳು ಗೊತ್ತಾ?”

ಗೊತ್ತಿಲ್ಲ ಎಂದೆ. ಆದರೆ ಅಷ್ಟಕ್ಕೆ ಉತ್ತರ ಮುಗಿಯುವುದಿಲ್ಲವಲ್ಲ. ಯಂತ್ರ ಕಲಿಯುವುದು ತಾನು ಕೇಳಿದ್ದರಿಂದ. ಯಾರ ದನಿ ಹೆಚ್ಚು ಉಣಿಸಿದ್ದಾರೋ ಅವರ ಮಾತು ಅದಕ್ಕೆ ಸಲೀಸು. ರಾಗಿ ಅಳೆಯುವ ಸೇರನ್ನು ನೆನೆಸಿಕೊಳ್ಳಿ. ಅಳೆಯುವವಳು ಧರ್ಮವಂತೆಯೇ, ಕೈ ಅಲುಗಿಸಿದವಳಲ್ಲ. ಆದರೆ ಸೇರಿನ ತಳವೇ ತಗ್ಗಿದ್ದರೆ ಒಯ್ದವರ ಮನೆಯಲ್ಲಿ ಮುದ್ದೆ ಕಡಿಮೆಯೇ. 2018ರಲ್ಲಿ ಅಮೆರಿಕದಲ್ಲಿ ಜಾಯ್ ಬುವೊಲಂವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಹೆಣ್ಣುಮಕ್ಕಳು ಇಂಥ ಸೇರನ್ನೇ ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳವು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 1ಕ್ಕೂ ಕಡಿಮೆ. ಕಪ್ಪು ಹೆಂಗಸರ ವಿಷಯದಲ್ಲಿ ಒಂದು ತಂತ್ರಾಂಶದ ತಪ್ಪು ಶೇಕಡಾ 34ನ್ನೂ ಮೀರಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡದ ಅನ್ಯಾಯಕ್ಕೆ ಯಾರು ಹೊಣೆ? ನಾನೂ ಬೇಕೆಂದು ಮಾಡಿದವಳಲ್ಲ. ಆ ಮಗು ಎಸ್ಸೆಸ್ಸೆಲ್ಸಿ ಪಾಸಾಗಲಿ, ಊರ ಹೊರಗೆ ಯಾರೂ ಅವಳನ್ನು ಆಡಿಕೊಳ್ಳದಿರಲಿ ಎಂದೇ ತಿದ್ದಿದ್ದು. ಹೀಗೆ ಹೇಳಿಕೊಂಡರೂ ಮನಸ್ಸು ಒಪ್ಪುವುದಿಲ್ಲ. ಊರ ಹೊರಗಿನವರು ಆಡಿಕೊಳ್ಳುವ ಮೊದಲೇ ನಾನೇ ಆಡಿಕೊಂಡಿದ್ದೆನಲ್ಲ!

2021ರ ಜೂನ್ ತಿಂಗಳು ನಿಮಗೂ ನೆನಪಿರಬಹುದು. ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಹುಡುಕಿದರೆ ಕನ್ನಡ ಎಂದು ಬರುತ್ತಿತ್ತು. ನಾಡಿಗೆ ನಾಡೇ ಸಿಡಿದೆದ್ದಿತು, ಕಂಪನಿ ಕ್ಷಮೆ ಕೇಳಿತು. ನಾನೂ ಸ್ಟಾಫ್ ರೂಮಿನಲ್ಲಿ ಗಂಟಲು ಹರಿದುಕೊಂಡವಳೇ. ಯಾವನೋ ಎಲ್ಲೋ ಬರೆದಿಟ್ಟದ್ದನ್ನು ಯಂತ್ರ ಎತ್ತಿ, ತಾನೇ ಕಂಡಂತೆ ಒಪ್ಪಿಸಿತ್ತು. ಅಂದು ಅಷ್ಟು ಕೂಗಿದ ನಾನು ಅದೇ ಸಂಜೆ ಮನೆಗೆ ಬಂದು ಹಾಲಿನವಳ ‘ಆಲು’ ಕೇಳಿ ಬಾಯಿ ಓರೆ ಮಾಡಿ ನಗಲಿಲ್ಲವೆಂದು ಆಣೆ ಮಾಡಲಾರೆ.

ಇನ್ನು ಆ ದನಿ. ಫೋನಿನೊಳಗಿನದು ಹೆಣ್ಣು ದನಿ. ಹುಡುಗರು ಅದನ್ನು “ಏಯ್, ಬಾರೇ, ಹಾಕೇ” ಎನ್ನುವುದನ್ನು ಕೇಳಿದ್ದೀರಾ? ಎಷ್ಟು ಗದರಿಸಿದರೂ ಮೆತ್ತಗೆ ಉತ್ತರ. 2019ರಲ್ಲಿ ಯುನೆಸ್ಕೋ ಈ ಕುರಿತೇ ಒಂದು ವರದಿ ತಂದಿತು. ಹೊಲಸು ಬೈಗುಳಕ್ಕೆ ಆ್ಯಪಲ್ ಕಂಪನಿಯ ಸಿರಿ ಒಂದು ಕಾಲದಲ್ಲಿ ಕೊಡುತ್ತಿದ್ದ, ಸಾಧ್ಯವಿದ್ದರೆ ನಾಚಿಕೊಳ್ಳುತ್ತಿದ್ದೆ ಎಂಬ ಅರ್ಥದ ಉತ್ತರವೇ ಅದರ ತಲೆಬರಹ. 2021ರಲ್ಲಿ ಆ ಕಂಪನಿ ಇಂಗ್ಲಿಷಿನಲ್ಲಿ, ಯಾವ ದನಿ ಬೇಕೆಂದು ಬಳಸುವವರೇ ಆರಿಸಲಿ ಎಂದಿತು. ಮಕ್ಕಳಿಗೆ ಇದನ್ನು ಹೇಳಿದಾಗ ಹುಡುಗರು ತಲೆ ತಗ್ಗಿಸಿದರು, ಹುಡುಗಿಯರು ಪಿಸುಗುಟ್ಟಿದರು. ಫೋನನ್ನು ‘ತಾಯಿ’ ಎಂದು ಕರೆದವಳು ಆ ಅಜ್ಜಿ ಒಬ್ಬಳೇ. ಅವಳಿಗೇ ಅದು ಉತ್ತರ ಕೊಡಲಿಲ್ಲ.

ಹಾಗೆಂದು ಫೋನನ್ನು ಬಾವಿಗೆ ಎಸೆಯಿರಿ ಎನ್ನುವವಳಲ್ಲ ನಾನು. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎನ್ನುತ್ತಲೇ ಬದುಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೇ ಒಂದು ಸಮಿತಿ ಮಾಡಿದವರು. ಈಗಿನ ಪವಾಡ ನಮ್ಮ ಸೆರಗಿನ ಗಂಟಿನಲ್ಲೇ ಇದೆ. ಇದನ್ನು ಪರಿಶೀಲಿಸಲು ಸಮಿತಿ ಬೇಕಿಲ್ಲ, ಒಂಬತ್ತನೇ ತರಗತಿ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಕೂಡಿಡುತ್ತಿದ್ದಾರೆ. ಓದಲು ಪಾಠ ಕೊಡುವುದಿಲ್ಲವಂತೆ. ಒಂದು ಚಿತ್ರ ತೋರಿಸಿ, ಇದರಲ್ಲೇನಿದೆ, ನಿಮ್ಮ ಮಾತಿನಲ್ಲೇ ಹೇಳಿ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನನಗೇಕೆ ಇದು ಹೊಳೆಯಲಿಲ್ಲ?

ನಿನ್ನೆ ಮಕ್ಕಳು ಬರೆದ ಪುಸ್ತಕಗಳನ್ನು ಮನೆಗೆ ತಂದೆ. ಆ ಹುಡುಗಿ ಅಜ್ಜಿಯ ಮಾತನ್ನು ಇದ್ದ ಹಾಗೆಯೇ ಬರೆದಿದ್ದಾಳೆ: ಏಟೈತೆ, ವಸಿ, ಏಳು. ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ‘ಪರೀಕ್ಷೆಗಾದರೆ: ಎಷ್ಟಿದೆ, ಸ್ವಲ್ಪ, ಹೇಳು’ ಎಂದು ಬರೆದೆ. ಬೋರ್ಡ್ ಪರೀಕ್ಷೆಯ ಪತ್ರಿಕೆ ತಿದ್ದುವವರಿಗೆ ಈ ಅಜ್ಜಿ ಗೊತ್ತಿಲ್ಲವಲ್ಲ.

ಪುಟದ ಕೊನೆಗೆ ಅವಳು ಸಣ್ಣಕ್ಷರದಲ್ಲಿ ಕೇಳಿದ್ದಾಳೆ: “ಮಿಸ್, ಅಜ್ಜಿ ಮಾತು ಬರೆದ್ರೆ ಮಾರ್ಕ್ಸ್ ಕಟ್ಟಾ?”

ಪುಸ್ತಕ ಇನ್ನೂ ಮೇಜಿನ ಮೇಲೇ ಇದೆ. ಅಂಕ ಹಾಕಿಲ್ಲ.