ಸಹಿ ಯಾರದು?

ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ಹಿಡಿದು ಹೊರಡುವವರು ಯಾರು? ಚರಂಡಿ ಕಟ್ಟಿಕೊಂಡು ಮಗು ಕಾಯಿಲೆ ಬಿದ್ದಾಗ ರಾತ್ರಿಯಿಡೀ ಎಚ್ಚರವಿರುವವರು ಯಾರು? ಬಹುಪಾಲು ಮನೆಗಳಲ್ಲಿ ತಾಯಂದಿರೇ. ಆದರೆ ನೀರು, ಚರಂಡಿ, ಬೀದಿದೀಪಗಳ ಬಗ್ಗೆ ತೀರ್ಮಾನಿಸುವ ಸಭೆಯಲ್ಲಿ ಅವರಿಗೆ ಬಹುಕಾಲ ಸಮಾನ ಸ್ಥಾನವಿರಲಿಲ್ಲ.

1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಕ್ಷೇತ್ರವು ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಆರಿಸಿ ಕಳುಹಿಸಿತು. ದೂರದ ನಾಯಕಿಯನ್ನು ಒಪ್ಪುವುದು ಸುಲಭ. ನೆರೆಮನೆಯ ಹೆಣ್ಣುಮಗಳು ಊರಿನ ಅಧ್ಯಕ್ಷೆಯಾಗುವುದನ್ನು ಒಪ್ಪುವುದು ಕಷ್ಟ. ಆ ಕಷ್ಟವನ್ನು ನೀಗಲು ಕಾನೂನೇ ಬರಬೇಕಾಯಿತು. ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ 1983ರ ಕಾಯಿದೆಯು ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ಮೂರನೆಯ ಒಂದು ಭಾಗವಾಗಿಸಿತು. 2010ರಲ್ಲಿ ಕರ್ನಾಟಕವು ಅದನ್ನು ಅರ್ಧಕ್ಕೆ ಏರಿಸಿತು. ಹೀಗೆ ಲಕ್ಕವಳ್ಳಿ, ಲಿಂಗದಹಳ್ಳಿಗಳಂತಹ ನಮ್ಮ ತರೀಕೆರೆ ಸೀಮೆಯ ಊರುಗಳಲ್ಲಿಯೂ ಪಂಚಾಯಿತಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು.

ಪ್ರಿಯ ಓದುಗರೇ, ಬಾಗಿಲು ತೆರೆದ ಮಾತ್ರಕ್ಕೆ ನ್ಯಾಯ ದೊರೆಯಿತೆ? ಗ್ರಾಮ ಪಂಚಾಯಿತಿಯ ಹಣ ಪಾವತಿಗೆ ಅಭಿವೃದ್ಧಿ ಅಧಿಕಾರಿಯ ಸಹಿಯೊಡನೆ ಅಧ್ಯಕ್ಷರ ಸಹಿಯೂ ಬೇಕು. ಎಷ್ಟೋ ಕಡೆ ಆ ಸಹಿ ಹೆಂಡತಿಯದು, ತೀರ್ಮಾನ ಗಂಡನದು. "ಅವಳಿಗೇನು ತಿಳಿಯುತ್ತದೆ? ನಾನು ಸಹಾಯ ಮಾಡುತ್ತಿದ್ದೇನೆ" ಎಂದು ಆತ ಸಮಾಧಾನ ಹೇಳಬಹುದು. ಸಹಾಯಕ್ಕೂ ಅಪಹರಣಕ್ಕೂ ನಡುವೆ ಒಂದು ಸ್ಪಷ್ಟವಾದ ಗೆರೆಯಿದೆ. ಕಾಗದವನ್ನು ಓದಿ ವಿವರಿಸಿ, ಕೊನೆಯ ಮಾತನ್ನು ಆಕೆಗೇ ಬಿಟ್ಟರೆ ಅದು ಸಹಾಯ. ಓದಗೊಡದೆ ಸಹಿ ಹಾಕಿಸಿದರೆ ಅದು ಸುಳ್ಳು. ಊರು ಮತ ನೀಡಿದ್ದು ಆಕೆಗೆ. ತಪ್ಪಾದಾಗ ಉತ್ತರ ಕೊಡಬೇಕಾದವಳೂ ಆಕೆಯೇ. ಹೊಣೆಯನ್ನು ಆಕೆಗೆ ಹೊರಿಸಿ ಅಧಿಕಾರವನ್ನು ತಾನಿಟ್ಟುಕೊಳ್ಳುವುದು ಯಾವ ಧರ್ಮ?

ಅನುಭವವಿಲ್ಲವೆಂಬ ಮಾತನ್ನೂ ಕೊಂಚ ತೂಗಿ ನೋಡೋಣ. ಮೊದಲ ಸಲ ಗೆದ್ದ ಗಂಡಸಿಗೂ ಅನುಭವವಿರುವುದಿಲ್ಲ. ಆತ ಕಲಿಯಲೆಂದು ಊರು ಕಾಯುತ್ತದೆ. ಅದೇ ತಾಳ್ಮೆಯನ್ನು ಹೆಣ್ಣಿಗೆ ತೋರುವುದಿಲ್ಲ. ಮೇಲಾಗಿ, ಮೀಸಲು ಸ್ಥಾನಗಳು ಸರದಿಯಂತೆ ಬದಲಾಗುತ್ತವೆ. ಆಕೆ ಕೆಲಸ ಕಲಿಯುವ ವೇಳೆಗೆ ಕ್ಷೇತ್ರ ಸಾಮಾನ್ಯವಾಗುತ್ತದೆ. ಸಾಮಾನ್ಯವೆಂದರೆ ಪುರುಷರದು ಎಂದೇ ನಾವು ಓದಿಕೊಳ್ಳುತ್ತೇವೆ. ಕಾನೂನು ಹಾಗೆ ಹೇಳಿಲ್ಲ. ಸಾಮಾನ್ಯ ಸ್ಥಾನಕ್ಕೂ ಆಕೆ ಸ್ಪರ್ಧಿಸಬಹುದು.

ಕಾನೂನು ಕುರ್ಚಿಯನ್ನು ಕೊಡಬಲ್ಲದು, ಗೌರವವನ್ನು ಕೊಡಲಾರದು. ಅದು ಮನೆಯಲ್ಲಿ ಹುಟ್ಟಬೇಕು. ಹೊಲದ ಬೆಳೆ, ಮಗಳ ಓದು, ಸಾಲದ ಪತ್ರ ಇವುಗಳ ಬಗ್ಗೆ ಮಡದಿಯ ಅಭಿಪ್ರಾಯ ಕೇಳದ ಮನೆಯಿಂದ ಹೊರಟ ಸದಸ್ಯೆ ಸಭೆಯಲ್ಲಿ ಇದ್ದಕ್ಕಿದ್ದಂತೆ ಬಾಯಿ ತೆರೆಯುವುದಾದರೂ ಹೇಗೆ?

ಆದುದರಿಂದ ಮುಂದಿನ ಸಲ ಗ್ರಾಮಸಭೆಗೆ ಮನೆಮಂದಿಯೆಲ್ಲ ಹೋಗಿರಿ. ಅಧ್ಯಕ್ಷೆಯ ಪಕ್ಕದಲ್ಲಿ ಆಕೆಯ ಪತಿ ನಿಂತಿದ್ದರೆ ಅವರಿಗೆ ನಮಸ್ಕಾರ ಹೇಳಿರಿ. ಅರ್ಜಿಯನ್ನು ಮಾತ್ರ ಆಕೆಯ ಕೈಗೇ ಕೊಡಿರಿ, ಉತ್ತರವನ್ನು ಆಕೆಯ ಬಾಯಿಂದಲೇ ಕೇಳಿರಿ.